ದಡ ಮುಟ್ಟುವ ಮೊದಲು: ಎರಡು ಮಹಾಯುದ್ಧಗಳಲ್ಲಿ ಜರ್ಮನ್ ಸೈನ್ಯದ ಸಮುದ್ರ ದಾಳಿಗಳು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಜರ್ಮನ್ ಸೈನ್ಯ ಎಂದ ಕೂಡಲೆ ನಮಗೆ ನೆನಪಾಗುವುದು ಟ್ಯಾಂಕು, ಕಂದಕ, ಸ್ಟಾಲಿನ್‌ಗ್ರಾಡಿನ ಹಿಮ. ಸಮುದ್ರದ ಮಾತು ಬಂದರೆ ಜಲಾಂತರ್ಗಾಮಿ. ಹಡಗಿನಲ್ಲಿ ದಂಡು ತುಂಬಿಕೊಂಡು ಹೋಗಿ ಶತ್ರುವಿನ ದಡದಲ್ಲಿ ಇಳಿಸುವುದು ಬ್ರಿಟಿಷರ, ಅಮೆರಿಕನ್ನರ ಕಸುಬು ಎಂದೇ ನಾವೆಲ್ಲ ಓದಿಕೊಂಡು ಬಂದವರು. ಜರ್ಮನರೂ ಈ ಕೆಲಸಕ್ಕೆ ಕೈ ಹಾಕಿದ್ದರು. ಒಮ್ಮೆ ಅಚ್ಚುಕಟ್ಟಾಗಿ ಗೆದ್ದರು, ಒಮ್ಮೆ ಜೂಜಾಡಿ ಗೆದ್ದು ಕೈ ಸುಟ್ಟುಕೊಂಡರು, ಒಮ್ಮೆ ಹೊರಡಲೇ ಇಲ್ಲ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬಹುದು ಎಂಬುದು ನನ್ನ ಅಭಿಪ್ರಾಯ. ದಡಕ್ಕೆ ಇಳಿಯುವ ಯುದ್ಧದ ಹಣೆಬರಹವನ್ನು ಬಹುಪಾಲು ಹಡಗು ಹತ್ತುವ ಬಂದರಿನಲ್ಲೇ ಬರೆದಾಗಿರುತ್ತದೆ. ಯಾವ ಹಡಗಿಗೆ ಏನನ್ನು, ಯಾವ ಕ್ರಮದಲ್ಲಿ ಹೇರಿದರು, ಹಿಂದೆ ಬರುವ ಹಡಗಿನಲ್ಲಿ ಎಣ್ಣೆ ಇತ್ತೇ ಇಲ್ಲವೇ ಎಂಬುದನ್ನು ನೋಡಿದರೆ ಮುಂದಿನ ಕಥೆಯನ್ನು ಅರ್ಧ ಊಹಿಸಬಹುದು.

ನಮ್ಮೂರಿನ ಹೆಸರು ಹೊತ್ತ ದಂಡೊಂದು ಜರ್ಮನರ ದಡದಲ್ಲಿ ಇಳಿಯಲು ಹೋಗಿ ಸೋತದ್ದನ್ನು ಮೊದಲು ಹೇಳಿಬಿಡುತ್ತೇನೆ. 1914ರ ನವೆಂಬರ್, ಪೂರ್ವ ಆಫ್ರಿಕದ ಟಾಂಗಾ ಬಂದರು. ಅದು ಆಗ ಜರ್ಮನ್ ವಸಾಹತು. ಅದನ್ನು ಹಿಡಿಯಲು ಮುಂಬಯಿಯಿಂದ ಹೊರಟ ಸುಮಾರು 8,000 ಜನರ ಸೈನ್ಯದಲ್ಲಿ 27ನೆಯ ಬೆಂಗಳೂರು ಬ್ರಿಗೇಡ್ ಇತ್ತು. ಬ್ರಿಗೇಡಿಗೆ ಆ ಹೆಸರು ಬಂದದ್ದು ಬೆಂಗಳೂರು ದಂಡು ಪ್ರದೇಶದಿಂದ. ಅದರಲ್ಲಿದ್ದವರು ಲ್ಯಾಂಕಷೈರಿನ ಗೋರಾಗಳು, ಪಾಳಯಂಕೋಟೆಯ ಹೆಸರಿನ ತುಕಡಿಯವರು, ಗ್ರೆನೇಡಿಯರುಗಳು. ದಿನಗಟ್ಟಲೆ ಹಡಗಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿದ್ದ ಈ ಜನರನ್ನು ಜನರಲ್ ಏಟ್ಕನ್ ಕತ್ತಲಲ್ಲಿ ಕಾಂಡ್ಲಾ ಕಾಡಿನ ಕೆಸರಿಗೆ ಇಳಿಸಿದ. ಅದಕ್ಕೂ ಮೊದಲು ಒಬ್ಬ ನೌಕಾಧಿಕಾರಿ ಬಂದರಿಗೆ ಹೋಗಿ, ಈ ಊರಿನೊಂದಿಗೆ ಮಾಡಿಕೊಂಡಿದ್ದ ಕದನವಿರಾಮ ಇನ್ನು ರದ್ದು ಎಂದು ಜರ್ಮನರಿಗೇ ತಿಳಿಸಿ ಬಂದಿದ್ದ. ವಸಾಹತಿನ ಜರ್ಮನ್ ಸೇನಾಪತಿ ಫಾನ್ ಲೆಟ್ಟೋ-ಫೋರ್ಬೆಕ್ ಸುಮ್ಮನಿರುತ್ತಾನೆಯೆ? ಒಳನಾಡಿನಿಂದ ರೈಲಿನಲ್ಲಿ ತನ್ನ ಆಫ್ರಿಕನ್ ಸಿಪಾಯಿಗಳನ್ನು ತರಿಸಿಕೊಂಡ. ಸುಮಾರು ಸಾವಿರ ಜನ ಎಂಟು ಸಾವಿರದವರನ್ನು ಮತ್ತೆ ನೀರಿಗೆ ಅಟ್ಟಿದರು. ಗುಂಡಿನ ಸದ್ದಿಗೆ ಕೆರಳಿದ ಜೇನುಹುಳುಗಳು ಎರಡೂ ಕಡೆಯವರ ಮೇಲೆ ಬಿದ್ದ ಪ್ರಸಂಗವೇ ಇವತ್ತು ಹೆಚ್ಚು ಪ್ರಸಿದ್ಧ. ಆದರೆ ಸೋಲಿಗೆ ಜೇನು ಕಾರಣವಲ್ಲ. ಬ್ರಿಟಿಷರು ಬಿಟ್ಟು ಓಡಿದ ಮೆಷಿನ್ ಗನ್ನುಗಳು, ನೂರಾರು ಬಂದೂಕು, ಆರು ಲಕ್ಷ ಗುಂಡುಗಳಿಂದ ಲೆಟ್ಟೋ-ಫೋರ್ಬೆಕ್ ಇನ್ನಷ್ಟು ತುಕಡಿಗಳನ್ನು ಸಜ್ಜುಗೊಳಿಸಿದ.

ಮಾರನೆಯ ವರ್ಷ ಗಲಿಪೊಲಿ. ಅಲ್ಲಿ ತುರ್ಕರ ಪರವಾಗಿ ದಡ ಕಾಯ್ದ ಸೈನ್ಯದ ನಾಯಕ ಜರ್ಮನ್ ಜನರಲ್ ಲಿಮಾನ್ ಫಾನ್ ಜಾಂಡರ್ಸ್. ಬ್ರಿಟಿಷರ ಈ ಎರಡು ಸೋಲನ್ನೂ ಕಂಡಮೇಲೆ ಯುರೋಪಿನ ಸೇನಾ ಪಂಡಿತರು, ಮೆಷಿನ್ ಗನ್ನಿನ ಕಾಲದಲ್ಲಿ ಸಮುದ್ರದಿಂದ ಇಳಿಯುವುದು ಹುಚ್ಚು ಸಾಹಸ ಎಂಬ ನಿರ್ಧಾರಕ್ಕೆ ಬಂದಿದ್ದರು. ಹೀಗಿರುವಾಗ 1917ರಲ್ಲಿ ಜರ್ಮನರು ತಾವೇ ಅದಕ್ಕೆ ಇಳಿದರು.

ಬಾಲ್ಟಿಕ್ ಸಮುದ್ರದಲ್ಲಿ, ರೀಗಾ ಕೊಲ್ಲಿಯ ಬಾಯಿಗೆ ಮುಚ್ಚಳ ಹಾಕಿದಂತೆ ಮೂರು ದ್ವೀಪಗಳಿವೆ. ಇವತ್ತು ಅವು ಎಸ್ಟೋನಿಯದ ಸಾರೆಮಾ, ಹಿಯುಮಾ, ಮುಹು. ಆಗಿನ ಜರ್ಮನ್ ನಕ್ಷೆಗಳಲ್ಲಿ ಓಸೆಲ್, ಡಾಗೊ, ಮೂನ್. 1917ರ ಸೆಪ್ಟೆಂಬರ್ 3ರಂದು ರೀಗಾ ನಗರ ಜರ್ಮನರ ಕೈಗೆ ಬಿತ್ತು. ಆದರೆ ದ್ವೀಪಗಳು ರಷ್ಯನ್ನರ ಬಳಿ ಇರುವವರೆಗೆ ಆ ಬಂದರಿಗೆ ಹಡಗು ತರುವಂತಿರಲಿಲ್ಲ. ಇದು ಕಾಗದದ ಮೇಲಿನ ಕಾರಣ. ಕಾಗದಕ್ಕೆ ಬಾರದ ಕಾರಣವೊಂದಿತ್ತು, ನನಗೆ ಅದೇ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಜಟ್ಲಂಡ್ ಕಾಳಗದ ನಂತರ ಜರ್ಮನಿಯ ಮಹಾ ನೌಕಾಪಡೆ ಬಹುಮಟ್ಟಿಗೆ ಬಂದರಿನಲ್ಲೇ ಕೊಳೆಯುತ್ತಿತ್ತು. ಕೆಟ್ಟ ಊಟ, ಬೇಸರ, ಅಧಿಕಾರಿಗಳ ದರ್ಪ ಎಲ್ಲ ಸೇರಿ ಆಗಸ್ಟ್ ತಿಂಗಳಲ್ಲಿ ನಾವಿಕರು ಕೆಲಸ ಬಿಟ್ಟು ದಡಕ್ಕೆ ನಡೆದರು. ಮ್ಯಾಕ್ಸ್ ರೈಖ್‌ಪೀಟ್ಷ್, ಆಲ್ಬಿನ್ ಕೋಬಿಸ್ ಎಂಬ ಇಬ್ಬರನ್ನು ಸೆಪ್ಟೆಂಬರ್ 5ರಂದು ಗುಂಡಿಕ್ಕಿ ಕೊಂದರು. ಒಬ್ಬ ‘ಫ್ರೀಡ್ರಿಖ್ ಡೆರ್ ಗ್ರೋಸೆ’ ಹಡಗಿನವನು, ಇನ್ನೊಬ್ಬ ‘ಪ್ರಿನ್ಸ್‌ರೀಜೆಂಟ್ ಲೂಯಿಟ್‌ಪೋಲ್ಡ್’ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಐದು ವಾರದ ನಂತರ ದ್ವೀಪಗಳ ಮೇಲೆ ಹೊರಟ ಪಡೆಯಲ್ಲಿ ಆ ಎರಡೂ ಹಡಗುಗಳಿದ್ದವು. ನೌಕಾಪಡೆಗೆ ಶತ್ರುವಿಗಿಂತ ಮೊದಲು ಒಂದು ಕೆಲಸ ಬೇಕಾಗಿತ್ತು.

ಈ ಕಾರ್ಯಾಚರಣೆಗೆ ಇಟ್ಟ ಗುಪ್ತನಾಮ ‘ಆಲ್ಬಿಯನ್’. ಸಮುದ್ರದ ಹೊಣೆ ವೈಸ್ ಅಡ್ಮಿರಲ್ ಎರ್‌ಹಾರ್ಡ್ ಷ್ಮಿಟ್‌ನದು. ನೆಲದ ಹೊಣೆ ಜನರಲ್ ಫಾನ್ ಕಾಥೆನ್‌ನದು. ಇಳಿಯಬೇಕಾದವರು ಫಾನ್ ಎಸ್ಟೋರ್ಫ್‌ನ 42ನೆಯ ಪದಾತಿ ಡಿವಿಷನ್ನಿನವರು. ಹತ್ತು ದೊಡ್ಡ ಯುದ್ಧನೌಕೆ, ‘ಮೋಲ್ಟ್‌ಕೆ’ ಎಂಬ ಬ್ಯಾಟಲ್ ಕ್ರೂಸರ್, ಒಂಬತ್ತು ಲಘು ಕ್ರೂಸರ್, ಹತ್ತಾರು ಟಾರ್ಪೆಡೊ ದೋಣಿ, ಮೈನ್ ಗುಡಿಸುವ ಸಣ್ಣಪುಟ್ಟ ಹಡಗುಗಳ ಹಿಂಡು, ಮೇಲೆ ವಿಮಾನ ಮತ್ತು ಝೆಪ್ಪೆಲಿನ್. ಸೈನ್ಯ ಹೊತ್ತ ಉಗಿಹಡಗು 19. ಅವುಗಳೊಳಗೆ ಸುಮಾರು 24,600 ಜನ, 8,500 ಕುದುರೆ, 2,500 ಗಾಡಿ.

ಮೂವರು ಸಿಪಾಯಿಗಳಿಗೆ ಒಂದು ಕುದುರೆ ಎಂಬ ಈ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಿಪಾಯಿಯಾದರೆ ಹಗ್ಗದ ಏಣಿ ಹಿಡಿದು ತಾನೇ ದೋಣಿಗೆ ಇಳಿಯುತ್ತಾನೆ. ಕುದುರೆ ಇಳಿಯುವುದಿಲ್ಲ. ಅದರ ಹೊಟ್ಟೆಯಡಿ ಅಗಲವಾದ ಪಟ್ಟಿ ಹಾಯಿಸಿ, ಹಡಗಿನ ಕ್ರೇನಿಗೆ ಸಿಕ್ಕಿಸಿ, ಗಾಳಿಯಲ್ಲಿ ಕಾಲು ಝಾಡಿಸುತ್ತಿರುವ ಪ್ರಾಣಿಯನ್ನು ಓಲಾಡುವ ಚಪ್ಪಟೆ ದೋಣಿಗೆ ಇಳಿಸಬೇಕು. ಒಂದೊಂದಾಗಿ, ಎಂಟೂವರೆ ಸಾವಿರ ಸಲ. ಕುದುರೆ ಇಳಿಯದಿದ್ದರೆ ಫಿರಂಗಿ ಕದಲುವುದಿಲ್ಲ, ಗುಂಡಿನ ಗಾಡಿ ಕದಲುವುದಿಲ್ಲ, ಅಡುಗೆಯ ಒಲೆಗಾಡಿಯೂ ಕದಲುವುದಿಲ್ಲ. ಅಲ್ಲದೆ ಅದಕ್ಕೆ ಹಡಗಿನಲ್ಲಿದ್ದಷ್ಟು ದಿನವೂ ಮೇವು, ನೀರು ಬೇಕು. ಮದುವೆಯ ದಿಬ್ಬಣದ ಬಸ್ಸಿಗೆ ಸಾಮಾನು ಹೇರಿದವರಿಗೆಲ್ಲ ಗೊತ್ತು, ಇಳಿದ ತಕ್ಷಣ ಬೇಕಾಗುವುದನ್ನು ಕೊನೆಗೆ ಹೇರಬೇಕು ಎಂದು. ಗಲಿಪೊಲಿಗೆ ಹೊರಟ ಬ್ರಿಟಿಷರು ಇದನ್ನೇ ಮರೆತು, ಹಡಗುಗಳನ್ನು ಈಜಿಪ್ಟಿಗೆ ಒಯ್ದು ಎಲ್ಲ ಇಳಿಸಿ ಮತ್ತೆ ಹೇರಬೇಕಾಗಿ ಬಂತು. ಅಷ್ಟರಲ್ಲಿ ತುರ್ಕರು ಕಂದಕ ತೋಡಿ ಕೂತಿದ್ದರು.

ದ್ವೀಪಗಳಿಗೆ ಹೊರಟ ಸೈನ್ಯ ಹಡಗು ಹತ್ತಿದ ಲಿಬಾವ್ ಬಂದರಿನಲ್ಲಿ ಜರ್ಮನರಿಗೆ ಒದಗಿದ್ದು ಒಂದು ವರ ಎನ್ನಬೇಕು, ಅದು ಕೆಟ್ಟ ಹವೆಯ ರೂಪದಲ್ಲಿ ಬಂತು. ಗಾಳಿ, ಅಲೆಯ ಆರ್ಭಟದಲ್ಲಿ ಮೈನ್ ಗುಡಿಸುವ ಹಡಗುಗಳು ಕೆಲಸ ಮಾಡಲಾರದೆ ಹೊರಡುವ ದಿನ ಮುಂದೆ ಮುಂದೆ ಹೋಯಿತು. ಅಡ್ಮಿರಲ್ಲುಗಳು ಚಡಪಡಿಸಿದರು. ಸಿಪಾಯಿಗಳು ಮಾತ್ರ ಆ ದಿನಗಳಲ್ಲಿ ದೋಣಿ ಹತ್ತುವುದನ್ನು ಇಳಿಯುವುದನ್ನು ಕಲಿತರು. ಭೂಸೇನೆಯ ಅಧಿಕಾರಿಗಳಿಗೂ ನೌಕಾಪಡೆಯ ಅಧಿಕಾರಿಗಳಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯಿತು. ಕಾಥೆನ್‌ನ ಸೇನಾ ಕೋರ್‌ನ ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿದ್ದ ಫಾನ್ ಚಿಷ್‌ವಿಟ್ಜ್ ಯುದ್ಧದ ನಂತರ ಈ ಕಾರ್ಯಾಚರಣೆಯ ಬಗ್ಗೆ ಇಡೀ ಪುಸ್ತಕವನ್ನೇ ಬರೆದ. ಅದನ್ನು ಕೂಡಲೆ ಅನುವಾದಿಸಿ ಓದಿದವರು ಅಮೆರಿಕದ ಸೇನಾ ಶಾಲೆಯವರು. ಜರ್ಮನಿಯಲ್ಲಿ ಅದರ ಪಾಠ ಕಲಿತ ಗುರುತು ಅಷ್ಟಾಗಿ ಕಾಣುವುದಿಲ್ಲ.

ಅಕ್ಟೋಬರ್ 12ರ ನಸುಕಿನಲ್ಲಿ ಓಸೆಲ್‌ನ ವಾಯವ್ಯಕ್ಕಿರುವ ಟಾಗಾ ಕೊಲ್ಲಿಯಲ್ಲಿ ಮೊದಲ ದೋಣಿಗಳು ದಡ ಮುಟ್ಟಿದವು. ಮುನ್ಸೂಚನೆ ಕೊಡುವಂಥ ಫಿರಂಗಿ ದಾಳಿ ಇರಲಿಲ್ಲ. ಬೆಳಕು ಹರಿದ ಮೇಲೆ ಯುದ್ಧನೌಕೆಗಳು ಕೊಲ್ಲಿಯ ಬಾಯಿಯ ರಷ್ಯನ್ ಫಿರಂಗಿ ನೆಲೆಗಳ ಬಾಯಿ ಮುಚ್ಚಿಸಿದವು. ‘ಬಾಯರ್ನ್’ ಮತ್ತು ‘ಗ್ರೋಸರ್ ಕುರ್‌ಫ್ಯೂರ್ಸ್ಟ್’ ಎಂಬ ದೈತ್ಯ ಹಡಗುಗಳೆರಡೂ ಅದೇ ಬೆಳಿಗ್ಗೆ ಮೈನ್‌ಗೆ ಬಡಿದು ತೂತು ಬಿದ್ದರೂ ಗುಂಡು ಹಾರಿಸುತ್ತಲೇ ಇದ್ದವು.

ಆಮೇಲಿನದು ಸೈಕಲ್ಲಿನ ಕಥೆ. ಓಸೆಲ್ ಮತ್ತು ಮೂನ್ ದ್ವೀಪಗಳ ನಡುವೆ 1896ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಏರಿಯೊಂದಿತ್ತು, ಮೂರೂವರೆ ಕಿಲೋಮೀಟರಿಗೂ ಉದ್ದದ್ದು. ಓಸೆಲ್‌ನಲ್ಲಿದ್ದ ರಷ್ಯನ್ ಸೈನ್ಯಕ್ಕೆ ಹಿಂದಕ್ಕೆ ಹೋಗಲು ಇದ್ದ ದಾರಿ ಅದೊಂದೇ. ಅದನ್ನು ಮೊದಲು ಹಿಡಿದವರ ಕೈಗೆ ದ್ವೀಪ. ಹಾಗಾಗಿ ಪಾಮೆರೋರ್ಟ್ ಎಂಬಲ್ಲಿ ಬೇರೆಯಾಗಿ ಒಂದು ಸೈಕಲ್ ಪಡೆಯನ್ನೂ ದಾಳಿಯ ತುಕಡಿಯೊಂದನ್ನೂ ಇಳಿಸಿದ್ದರು. ಮೇವು ಕೇಳದ, ಕ್ರೇನು ಬೇಡದ, ದೋಣಿಯಿಂದ ಹೆಗಲ ಮೇಲೆ ಹೊತ್ತು ಇಳಿಸಬಹುದಾದ ವಾಹನ. ಕೆಸರುಗಟ್ಟಿದ ರಸ್ತೆಯಲ್ಲಿ ತುಳಿದು ತುಳಿದು ಅವರು ಓರಿಸ್ಸಾರ್ ಬಳಿ ಏರಿಯ ತಲೆಭಾಗಕ್ಕೆ ಮುಟ್ಟಿದರು. ಒಂದು ಕಡೆಯಿಂದ ಓಡಿ ಬರುತ್ತಿದ್ದ ರಷ್ಯನ್ ಡಿವಿಷನ್, ಇನ್ನೊಂದು ಕಡೆ ಮೂನ್ ದ್ವೀಪದಿಂದ ಏರಿಯ ಮೇಲೆ ನುಗ್ಗುತ್ತಿದ್ದ ರಷ್ಯನ್ನರು. ನಡುವೆ ಬೆರಳೆಣಿಕೆಯ ತುಕಡಿಗಳು, ತಳ ಕಂಡ ಗುಂಡಿನ ಚೀಲಗಳು. ವಶಪಡಿಸಿಕೊಂಡ ರಷ್ಯನ್ ಮೆಷಿನ್ ಗನ್ನುಗಳನ್ನೇ ತಿರುಗಿಸಿಟ್ಟು ಹೊಡೆದರು. ಪಕ್ಕದ ಕಡಲಿನಿಂದ ಟಾರ್ಪೆಡೊ ದೋಣಿಗಳು ಗುಂಡಿನ ಆಸರೆ ಕೊಟ್ಟವು. ಹಿಂದಿನಿಂದ 42ನೆಯ ಡಿವಿಷನ್ ಬಂದು ಸೇರಿದಾಗ, ಅಂದರೆ ಅಕ್ಟೋಬರ್ 15ರಂದು, ರಷ್ಯದ 107ನೆಯ ಡಿವಿಷನ್ ಶರಣಾಯಿತು.

ಆ ಕಾಳಗದಲ್ಲೇ ಗಾಯಗೊಂಡು ಮರುದಿನ ತೀರಿಕೊಂಡವನು ವಾಲ್ಟರ್ ಫ್ಲೆಕ್ಸ್ ಎಂಬ ಲೇಖಕ. ಮುಂದೆ ಒಂದು ಪೀಳಿಗೆಯ ಜರ್ಮನ್ ಹುಡುಗರು ಅವನ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು, ಅವನ ಸಾವನ್ನು ಪೂಜಿಸಿದರು. ಸಾಹಿತ್ಯದ ಚರಿತ್ರೆಯಲ್ಲಿ ಓಸೆಲ್ ಹೆಸರು ಉಳಿದಿರುವುದು ಅವನಿಂದಾಗಿ, ಅಡ್ಮಿರಲ್ ಷ್ಮಿಟ್‌ನಿಂದಾಗಿ ಅಲ್ಲ.

ಸಮುದ್ರದಲ್ಲಿ ಅಕ್ಟೋಬರ್ 17ರಂದು ಮೂನ್ ಜಲಸಂಧಿಯ ಕಾಳಗ ನಡೆಯಿತು. ಅಡ್ಮಿರಲ್ ಬಾಖಿರೆವ್‌ನ ಬಳಿ ಇದ್ದದ್ದು ‘ಸ್ಲಾವಾ’, ‘ಗ್ರಾಝ್ದಾನಿನ್’ ಎಂಬ ಎರಡು ಹಳೆಯ ಯುದ್ಧನೌಕೆ, ‘ಬಾಯಾನ್’ ಎಂಬ ಕ್ರೂಸರ್. ಎದುರಿಗೆ ‘ಕೋನಿಗ್’, ‘ಕ್ರೋನ್‌ಪ್ರಿನ್ಸ್’. ‘ಸ್ಲಾವಾ’ ಚೆನ್ನಾಗಿಯೇ ಹೋರಾಡಿತು. ನೀರಿನ ಮಟ್ಟಕ್ಕೂ ಕೆಳಗೆ ಗುಂಡು ಬಿದ್ದು ಮುಂಭಾಗದಲ್ಲಿ ನೀರು ತುಂಬಿ ಹಡಗು ಎಷ್ಟು ಕೆಳಗಿಳಿಯಿತೆಂದರೆ, ಉತ್ತರಕ್ಕೆ ಪಾರಾಗಲು ಹೂಳೆತ್ತಿ ಮಾಡಿದ್ದ ಕಾಲುವೆಯೊಳಗೆ ಅದು ಹಿಡಿಸದಾಯಿತು. ಕಾಲುವೆಯ ಬಾಯಲ್ಲೇ ಅದನ್ನು ಸ್ಫೋಟಿಸಿ ಬಿಟ್ಟು ಹೋದರು. 20ರ ಹೊತ್ತಿಗೆ ಮೂರೂ ದ್ವೀಪ ಜರ್ಮನರ ವಶ, 20,000ಕ್ಕೂ ಹೆಚ್ಚು ಸೆರೆಯಾಳು. ಜರ್ಮನರ ಕಡೆ ಸತ್ತವರು ಭೂಸೇನೆ, ನೌಕಾಪಡೆ ಎರಡೂ ಸೇರಿ ಇನ್ನೂರರ ಆಸುಪಾಸು. ಅವರಲ್ಲಿ ಹೆಚ್ಚಿನವರು ನಾವಿಕರು.

ಇಷ್ಟು ಅಗ್ಗದ ಗೆಲುವಿಗೆ ಜರ್ಮನರ ಕೌಶಲ ಮಾತ್ರ ಕಾರಣ ಎಂದರೆ ಅದು ಪೂರ್ತಿ ನಿಜವಲ್ಲ. ರಷ್ಯದಲ್ಲಿ ಮಾರ್ಚ್ ತಿಂಗಳಲ್ಲೇ ಜಾರ್ ಉರುಳಿದ್ದ. ದ್ವೀಪಗಳಲ್ಲಿ ಸಿಪಾಯಿಗಳ ಸಮಿತಿ ಒಪ್ಪದೆ ಅಧಿಕಾರಿಯ ಆಜ್ಞೆ ನಡೆಯುತ್ತಿರಲಿಲ್ಲ. ಸ್ವೋರ್ಬೆ ಪರ್ಯಾಯ ದ್ವೀಪದ ತುದಿಯಲ್ಲಿ, ತ್ಸೆರೆಲ್ ಎಂಬಲ್ಲಿ, 12 ಅಂಗುಲದ ನಾಲ್ಕು ಫಿರಂಗಿಗಳಿದ್ದವು. ಇಡೀ ಇರ್ಬೆ ಜಲಸಂಧಿಯನ್ನು ಕಾಯಬಲ್ಲ ನೆಲೆ ಅದು. ಯುದ್ಧನೌಕೆಗಳ ಗುಂಡು ಬೀಳತೊಡಗಿದ ಮೇಲೆ ಅಲ್ಲಿನವರಲ್ಲಿ ಹಲವರು ಫಿರಂಗಿ ಬಿಟ್ಟು ನಡೆದರು. ಕೆಲವು ಕಡೆ ವೀರಾವೇಶದಿಂದ ಹೋರಾಡಿದವರೂ ಅದೇ ಸೈನ್ಯದವರೇ. ಮೂರು ವಾರ ಕಳೆಯುವುದರೊಳಗೆ ಪೆಟ್ರೋಗ್ರಾಡಿನಲ್ಲಿ ಕೆರೆನ್ಸ್ಕಿ ಸರಕಾರ ಬಿತ್ತು. ದ್ವೀಪಗಳು ಹೋದದ್ದರಿಂದ ಸರಕಾರ ಬಿತ್ತು ಎಂದು ಹೇಳಲಾರೆ. ಒಂದೇ ಗೆದ್ದಲು ಎರಡನ್ನೂ ತಿಂದಿತ್ತು.

ಮುಂದಿನ ವರ್ಷ, 1918ರ ಏಪ್ರಿಲ್ 3ರಂದು, ರ‍್ಯೂಡಿಗರ್ ಫಾನ್ ಡೆರ್ ಗೋಲ್ಟ್ಸ್ ಸುಮಾರು ಹತ್ತು ಸಾವಿರ ಜನರೊಂದಿಗೆ ಫಿನ್‌ಲ್ಯಾಂಡಿನ ಹಾಂಕೊ ಬಂದರಿನಲ್ಲಿ ಇಳಿದು ಹತ್ತು ದಿನದಲ್ಲಿ ಹೆಲ್ಸಿಂಕಿ ಹಿಡಿದ. ಅದರ ವಿವರಕ್ಕೆ ಹೋಗುವುದಿಲ್ಲ. ಗೋಲ್ಟ್ಸ್‌ನ ಸಿಬ್ಬಂದಿಯಲ್ಲಿ ನಿಕೊಲಾಸ್ ಫಾನ್ ಫಾಲ್ಕನ್‌ಹೋರ್ಸ್ಟ್ ಎಂಬ ಅಧಿಕಾರಿಯಿದ್ದ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಇಪ್ಪತ್ತೆರಡು ವರ್ಷದ ನಂತರ, 1940ರ ಫೆಬ್ರವರಿ 21ರಂದು, ಹಿಟ್ಲರ್ ಅವನನ್ನು ಕರೆಸಿದ್ದು ಈ ಅನುಭವದ ಮೇಲೆಯೇ. ನಾರ್ವೆ ದೇಶವನ್ನು ಹಿಡಿಯಬೇಕು, ಸಂಜೆಯೊಳಗೆ ಯೋಜನೆ ತಾ ಎಂದ. ಫಾಲ್ಕನ್‌ಹೋರ್ಸ್ಟ್ ಹೊರಗೆ ಬಂದು ಪುಸ್ತಕದಂಗಡಿಗೆ ಹೋಗಿ ಪ್ರವಾಸಿಗರ ಕೈಪಿಡಿಯೊಂದನ್ನು ಕೊಂಡ, ಬೇಡೆಕರ್ ಕಂಪನಿಯದು. ಅದರ ನಕ್ಷೆ ಹರಡಿಕೊಂಡು ಹೋಟೆಲಿನ ಕೋಣೆಯಲ್ಲಿ ಯಾವ ಬಂದರಿಗೆ ಎಷ್ಟು ಜನ ಎಂದು ಗುರುತು ಹಾಕಿದ. ಯುದ್ಧಾನಂತರ ಇದನ್ನು ಅವನೇ ಹೇಳಿಕೊಂಡದ್ದು.

ಆಲ್ಬಿಯನ್‌ಗೂ ನಾರ್ವೆಯ ‘ವೇಸೆರ್‌ಯೂಬುಂಗ್’ ಕಾರ್ಯಾಚರಣೆಗೂ ಇರುವ ವ್ಯತ್ಯಾಸ ಇಲ್ಲೇ ಶುರು. ಈ ಸಲ ಜರ್ಮನರ ಬಳಿ ಇಳಿಸುವ ದೋಣಿ ಎನ್ನುವಂಥದ್ದೇ ಇರಲಿಲ್ಲ. ಯುದ್ಧನೌಕೆಗಳ ಡೆಕ್ಕಿನ ಮೇಲೇ ಸಿಪಾಯಿಗಳನ್ನು ನಿಲ್ಲಿಸಿಕೊಂಡು, ನಸುಕಿನಲ್ಲಿ ನೇರ ಬಂದರಿನೊಳಕ್ಕೇ ನುಗ್ಗಿ, ಕಟ್ಟೆಗೆ ಹಡಗು ತಾಗಿಸಿ ಇಳಿಸಿಬಿಡುವುದು ಉಪಾಯ. ಓಸ್ಲೊ, ಕ್ರಿಸ್ಟಿಯಾನ್‌ಸಾಂಡ್, ಎಗರ್‌ಸುಂಡ್, ಬರ್ಗನ್, ಟ್ರೊಂಡ್‌ಹೈಮ್, ನಾರ್ವಿಕ್. ಆರು ಬಂದರು, ಒಂದೇ ಮುಂಜಾವು, ಏಪ್ರಿಲ್ 9. ಹಡಗಿನಲ್ಲಿ ಹೋದವರು ಒಂಬತ್ತು ಸಾವಿರದ ಒಳಗೇ. ಅವರ ಫಿರಂಗಿ, ಗುಂಡು, ಕುದುರೆ, ಎಣ್ಣೆಯನ್ನೆಲ್ಲ ಸಾಮಾನ್ಯ ಸರಕು ಹಡಗುಗಳ ವೇಷದಲ್ಲಿ ಮುಂಚಿತವಾಗಿ ಕಳಿಸಿದ್ದರು.

ಆ ಹಡಗುಗಳಲ್ಲಿ ಒಂದು ‘ರಿಯೊ ಡಿ ಜನೈರೊ’. ಏಪ್ರಿಲ್ 8ರಂದು ದಕ್ಷಿಣ ನಾರ್ವೆಯ ಲಿಲ್ಲೆಸಾಂಡ್ ಬಳಿ ಪೋಲೆಂಡಿನ ‘ಓರ್ಝೆಲ್’ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಮೀನುಗಾರರು ನೀರಿನಿಂದ ಎತ್ತಿದ ಜನರ ಮೈಮೇಲೆ ಜರ್ಮನ್ ಸೈನ್ಯದ ಸಮವಸ್ತ್ರವಿತ್ತು. ಬರ್ಗನ್‌ಗೆ ನಿಮ್ಮನ್ನು ಕಾಪಾಡಲು ಹೊರಟಿದ್ದೇವೆ ಎಂದು ಅವರೇ ಬಾಯಿಬಿಟ್ಟರು. ಸುದ್ದಿ ಓಸ್ಲೊ ಮುಟ್ಟಿತು. ಸರಕಾರ ಆ ಸಂಜೆಯೂ ಸೈನ್ಯಕ್ಕೆ ಕರೆ ಕೊಡಲಿಲ್ಲ. ಅಚ್ಚರಿಯ ದಾಳಿ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಸುದ್ದಿ ಕೈಯಲ್ಲಿದ್ದೂ ನಂಬದವನಿಗೆ ಎಲ್ಲ ದಾಳಿಯೂ ಅಚ್ಚರಿಯದೇ.

ನಂಬಿದವನೊಬ್ಬ ಇದ್ದ. ಓಸ್ಲೊ ಫಿಯೋರ್ಡಿನ ಇಕ್ಕಟ್ಟಾದ ಜಾಗ ಡ್ರೊಬಾಕ್. ಅಲ್ಲಿನ ಓಸ್ಕರ್ಸ್‌ಬೋರ್ಗ್ ಕೋಟೆಯ ಕರ್ನಲ್ ಬಿರ್ಗರ್ ಎರಿಕ್ಸೆನ್. ಅವನ ಬಳಿ ಇದ್ದದ್ದು 1890ರ ದಶಕದ, 28 ಸೆಂಟಿಮೀಟರ್ ಬಾಯಿಯ ಫಿರಂಗಿಗಳು. ಮಾಡಿದ್ದು ಜರ್ಮನಿಯ ಕ್ರುಪ್ ಕಾರ್ಖಾನೆ. ಅವುಗಳಿಗೆ ಮೋಸೆಸ್, ಆರೋನ್ ಎಂದು ಬೈಬಲ್ಲಿನ ಹೆಸರಿಟ್ಟಿದ್ದರು. ನಡೆಸಲು ಸಾಕಷ್ಟು ಜನರಿಲ್ಲದೆ ಹೊಸದಾಗಿ ಸೇರಿದ ಹುಡುಗರನ್ನೂ ಅಡುಗೆಯವರನ್ನೂ ನಿಲ್ಲಿಸಿಕೊಂಡ. ನೀರಿನ ಮಟ್ಟದ ಟಾರ್ಪೆಡೊ ನೆಲೆಯ ಉಸ್ತುವಾರಿಗೆ, ನಿವೃತ್ತಿಯಾಗಿ ಊರಿನಲ್ಲಿದ್ದ ಆಂಡರ್ಸನ್ ಎಂಬ ಹಳೆಯ ಅಧಿಕಾರಿಯನ್ನು ಕರೆಸಿಕೊಂಡ. ಟಾರ್ಪೆಡೊಗಳಿಗೂ ಸುಮಾರು ನಲವತ್ತು ವರ್ಷ ವಯಸ್ಸು. ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ, ದೀಪ ಆರಿಸಿಕೊಂಡು ಬರುತ್ತಿದ್ದ ದೊಡ್ಡ ಹಡಗಿನ ಮೇಲೆ ಎರಡು ಫಿರಂಗಿಯಿಂದ ಒಂದೊಂದು ಗುಂಡು ಹಾರಿತು. ಮತ್ತೆ ತುಂಬಿ ಹೊಡೆಯುವಷ್ಟು ಸಮಯವೂ ಇರಲಿಲ್ಲ, ಜನವೂ ಇರಲಿಲ್ಲ. ಎರಡೂ ಗುರಿ ತಾಗಿದವು. ಬೆಂಕಿ ಹೊತ್ತ ಹಡಗು ಮುಂದೆ ಸರಿದಾಗ ಎರಡು ಟಾರ್ಪೆಡೊ ಹೊಟ್ಟೆ ಸೀಳಿದವು. ಮುಳುಗಿದ್ದು ‘ಬ್ಲೂಖರ್’, ಸೇವೆಗೆ ಸೇರಿ ಏಳು ತಿಂಗಳಾಗಿದ್ದ ಭಾರಿ ಕ್ರೂಸರ್. ಓಸ್ಲೊವನ್ನು ಆಳಲು ಬರುತ್ತಿದ್ದ ಡಿವಿಷನ್ನಿನ ಸಿಬ್ಬಂದಿ, ಅಧಿಕಾರಿಗಳು, ಕಡತಗಳು ಅದರಲ್ಲಿದ್ದವು. ನೂರಾರು ಜನ ಎಣ್ಣೆ ಉರಿಯುತ್ತಿದ್ದ ತಣ್ಣೀರಿನಲ್ಲಿ ಸತ್ತರು. ರಾಜಧಾನಿ ಆ ದಿನವೇ ವಿಮಾನದಲ್ಲಿ ಬಂದಿಳಿದ ಸೈನಿಕರ ಕೈಗೆ ಹೋಯಿತು, ನಿಜ. ಅಷ್ಟರಲ್ಲಿ ದೊರೆ ಏಳನೆಯ ಹಾಕೊನ್, ಸಂಸತ್ತು, ದೇಶದ ಸುಮಾರು 50 ಟನ್ ಚಿನ್ನ ಎಲ್ಲವೂ ಊರು ಬಿಟ್ಟಾಗಿತ್ತು.

ಉತ್ತರದ ತುದಿಯ ನಾರ್ವಿಕ್‌ನಲ್ಲಿ ಆಗಿದ್ದು ನನ್ನ ಮಾತಿಗೆ ಇನ್ನೂ ಹತ್ತಿರದ ಉದಾಹರಣೆ. ಸ್ವೀಡನ್ನಿನ ಕಬ್ಬಿಣದ ಅದಿರು ಚಳಿಗಾಲದಲ್ಲಿ ಹೊರಬರುವ ಬಂದರು ಅದು. ಹತ್ತು ಡಿಸ್ಟ್ರಾಯರುಗಳಲ್ಲಿ ಜನರಲ್ ಡೀಟ್ಲ್‌ನ ಸುಮಾರು 2,000 ಬೆಟ್ಟದ ಸೈನಿಕರನ್ನು ಕಮೊಡೋರ್ ಬೊಂಟೆ ಹೊತ್ತು ತಂದ. ‘ಐಡ್ಸ್‌ವೋಲ್ಡ್’, ‘ನೋರ್ಗೆ’ ಎಂಬ ಎರಡು ಮುದಿ ಹಡಗುಗಳನ್ನು ಟಾರ್ಪೆಡೊದಿಂದ ಹೊಡೆದು 270ಕ್ಕೂ ಹೆಚ್ಚು ನಾರ್ವೆ ನಾವಿಕರನ್ನು ಕೊಂದು ಊರು ಹಿಡಿದಾಯಿತು. ಇನ್ನು ಎಣ್ಣೆ ತುಂಬಿಕೊಂಡು ಆ ರಾತ್ರಿಯೇ ಹಿಂತಿರುಗಬೇಕು. ಎರಡು ಎಣ್ಣೆ ಹಡಗು ಕಾದಿರಬೇಕಿತ್ತು. ಒಂದು ದಾರಿಯಲ್ಲೇ ಮುಳುಗಿತ್ತು. ಬಂದಿದ್ದದ್ದು ‘ಯಾನ್ ವೆಲ್ಲೆಮ್’ ಎಂಬ ತಿಮಿಂಗಿಲ ಬೇಟೆಯ ಹಡಗು. ಅದರ ಪಂಪಿಗೆ ಒಂದು ಸಲಕ್ಕೆ ಎರಡು ಡಿಸ್ಟ್ರಾಯರ್, ಅದೂ ಗಂಟೆಗಟ್ಟಲೆ. ಹತ್ತು ಹಡಗು ಸರದಿಯಲ್ಲಿ ನಿಂತವು. ಮರುದಿನ ಬೆಳಗಿನ ಹಿಮದ ಮರೆಯಲ್ಲಿ ಬ್ರಿಟಿಷ್ ಡಿಸ್ಟ್ರಾಯರುಗಳು ಬಂದವು. 13ರಂದು ‘ವಾರ್‌ಸ್ಪೈಟ್’ ಯುದ್ಧನೌಕೆಯೇ ಬಂತು. ಹತ್ತರಲ್ಲಿ ಒಂದೂ ಉಳಿಯಲಿಲ್ಲ. ಬೊಂಟೆ ಸತ್ತ. ಹಡಗು ಕಳೆದುಕೊಂಡ ಎರಡು ಸಾವಿರಕ್ಕೂ ಹೆಚ್ಚು ನಾವಿಕರಿಗೆ ನಾರ್ವೆ ಸೇನೆಯ ಉಗ್ರಾಣದ ಬಟ್ಟೆ, ಬಂದೂಕು ಕೊಟ್ಟು ಡೀಟ್ಲ್ ಬೆಟ್ಟ ಹತ್ತಿಸಿದ.

ನಾರ್ವೆ ಗೆದ್ದರು, ಅನುಮಾನವಿಲ್ಲ. ಆದರೆ ಮೂರು ಕ್ರೂಸರ್ ಮುಳುಗಿದವು. ಡಿಸ್ಟ್ರಾಯರುಗಳಲ್ಲಿ ಅರ್ಧ ಹೋದವು. ದೊಡ್ಡ ಹಡಗುಗಳು ಒಂದಾದ ಮೇಲೊಂದು ಗಾಯಗೊಂಡು ರಿಪೇರಿಗೆ ಹೋದವು. ಜೂನ್ ಕೊನೆಗೆ ಫ್ರಾನ್ಸ್ ಶರಣಾಗಿ ಜರ್ಮನರು ಇಂಗ್ಲಿಷ್ ಕಾಲುವೆಯ ದಡದಲ್ಲಿ ನಿಂತಾಗ ಜರ್ಮನ್ ನೌಕಾಪಡೆಯಲ್ಲಿ ಓಡಾಡುವ ಸ್ಥಿತಿಯ ದೊಡ್ಡ ಹಡಗುಗಳು ಬೆರಳಲ್ಲಿ ಎಣಿಸುವಷ್ಟು. ಇಂಗ್ಲೆಂಡಿನ ಮೇಲೆ ದಂಡೆತ್ತುವ ಯೋಜನೆ ಕೈಬಿಟ್ಟದ್ದು ಬ್ರಿಟಿಷ್ ವಿಮಾನ ಚಾಲಕರ ಪರಾಕ್ರಮದಿಂದ ಎಂದು ಎಲ್ಲರೂ ಹೇಳುತ್ತಾರೆ. ಅದರ ಬೇರು ನಾರ್ವಿಕ್‌ನ ಆ ಎಣ್ಣೆ ಪಂಪಿನವರೆಗೂ ಹೋಗುತ್ತದೆ ಎಂಬುದು ನನ್ನ ವಾದ.

ಹಿಟ್ಲರ್ ‘ಜೇಲ್ಯೂವೆ’ಗೆ, ಅಂದರೆ ಕಡಲ ಸಿಂಹ ಯೋಜನೆಗೆ, ಆಜ್ಞೆ ಹೊರಡಿಸಿದ್ದು 1940ರ ಜುಲೈ 16ರಂದು. ಭೂಸೇನೆಯವರು ರ‍್ಯಾಮ್ಸ್‌ಗೇಟಿನಿಂದ ಲೈಮ್ ಕೊಲ್ಲಿಯವರೆಗೆ ಉದ್ದಕ್ಕೂ ಇಳಿಯುತ್ತೇವೆ ಎಂದರು. ನದಿ ದಾಟುವುದರ ದೊಡ್ಡ ರೂಪ ಇದು ಎಂದೇ ಅವರ ಎಣಿಕೆ. ಅಡ್ಮಿರಲ್ ರೇಡರ್, ಅಷ್ಟಗಲ ಕಾಯಲು ನನ್ನ ಬಳಿ ಹಡಗಿಲ್ಲ, ಇಕ್ಕಟ್ಟಾದ ಜಾಗದಲ್ಲಿ ಇಳಿಯಿರಿ ಎಂದ. ಇಕ್ಕಟ್ಟಿನಲ್ಲಿ ಇಳಿದರೆ ನಮ್ಮವರು ನುಚ್ಚುನೂರಾಗುತ್ತಾರೆ ಎಂದು ಭೂಸೇನೆ. ಇಬ್ಬರೂ ಹೇಳುತ್ತಿದ್ದುದು ಸರಿಯೇ. ಎರಡೂ ಸರಿಯಿದ್ದರೆ ಹೋಗಬಾರದು ಎಂದೇ ಅರ್ಥ. ಹಾಗೆಂದು ಹಿಟ್ಲರನ ಮುಂದೆ ಬಿಡಿಸಿ ಹೇಳುವವರು ಯಾರು?

ದೋಣಿಗಳಿಗಾಗಿ ರೈನ್ ನದಿ, ಹಾಲೆಂಡ್, ಬೆಲ್ಜಿಯಂ, ಫ್ರಾನ್ಸಿನ ಕಾಲುವೆಗಳನ್ನು ಬಾಚಿದರು. ಸುಮಾರು 2,400 ಬಾರ್ಜುಗಳು ಸೇರಿದವು, ಅವುಗಳಲ್ಲಿ ಮೂರನೆಯ ಒಂದು ಭಾಗಕ್ಕಷ್ಟೇ ಸ್ವಂತ ಎಂಜಿನ್. ನಿನ್ನೆಯವರೆಗೆ ಕಲ್ಲಿದ್ದಲು, ಧಾನ್ಯ ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿಗಳವು. ಅವುಗಳ ಮೂತಿ ಕತ್ತರಿಸಿ ಮರದ ಇಳಿಜಾರು ಹಲಗೆ ಕೂರಿಸಿದರು, ಟ್ಯಾಂಕಿನ ಭಾರಕ್ಕೆಂದು ತಳಕ್ಕೆ ಕಾಂಕ್ರೀಟು ಸುರಿದರು. ಒಂದು ಟಗ್‌ನ ಹಿಂದೆ ಎರಡು ಬಾರ್ಜು ಕಟ್ಟಿ ಎಳೆದರೆ ಹೆಚ್ಚೂಕಡಿಮೆ ಮನುಷ್ಯ ನಡೆಯುವ ವೇಗ; ಕಾಲುವೆಯಲ್ಲಿ ಉಬ್ಬರದ ಸೆಳೆತವೇ ಅದಕ್ಕಿಂತ ಜೋರು. ಕುದುರೆಗಳ ಲೆಕ್ಕ ಈ ಪಟ್ಟಿಯಲ್ಲೂ ಸಾವಿರಾರು. ಬುಲೋನ್ ಬಳಿ ಸುಮಾರು ಐವತ್ತು ದೋಣಿಗಳೊಂದಿಗೆ, ಹಗಲಿನಲ್ಲಿ, ಒಳ್ಳೆಯ ಹವೆಯಲ್ಲಿ, ಶತ್ರುವೇ ಇಲ್ಲದ ಕಡಲಲ್ಲಿ ಒಂದು ತಾಲೀಮು ನಡೆಸಿದರು. ಹೇಳಿದ ಹೊತ್ತಿಗೆ ಜನರನ್ನು ಇಳಿಸಿದ ಬಾರ್ಜು ಅರ್ಧಕ್ಕಿಂತ ಕಡಿಮೆ. ಇತ್ತ ರೈನ್ ನದಿಯಲ್ಲಿ ಸಾಗಣೆಗೆ ದೋಣಿಯಿಲ್ಲದೆ ಜರ್ಮನಿಯ ಕಾರ್ಖಾನೆಗಳು ಗೊಣಗತೊಡಗಿದವು. ಬ್ರಿಟಿಷ್ ಬಾಂಬರುಗಳು ಬಂದರಿನಲ್ಲಿ ಸಾಲುಗಟ್ಟಿ ನಿಂತ ಬಾರ್ಜುಗಳಲ್ಲಿ ಇನ್ನೂರರಷ್ಟನ್ನು ಹಾಳುಗೆಡವಿದವು. ಸೆಪ್ಟೆಂಬರ್ 17ರಂದು ಯೋಜನೆಯನ್ನು ಮುಂದೂಡಿದರು, ಮತ್ತೆ ಎತ್ತಲಿಲ್ಲ.

ಹೊರಟಿದ್ದರೆ ಏನಾಗುತ್ತಿತ್ತು? 1974ರಲ್ಲಿ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಯಲ್ಲಿ ಎರಡೂ ದೇಶದ ಹಳೆಯ ಅಧಿಕಾರಿಗಳನ್ನು ತೀರ್ಪುಗಾರರಾಗಿ ಕೂರಿಸಿ ಇದನ್ನು ಆಡಿ ನೋಡಿದರು. ಜರ್ಮನ್ ವಿಮಾನ ಪಡೆಯ ಅಡಾಲ್ಫ್ ಗಾಲಂಡ್ ಅವರಲ್ಲೊಬ್ಬ. ಆಟದಲ್ಲಿ ಜರ್ಮನರು ದಡಕ್ಕೆ ಇಳಿದರು. ಎರಡನೆಯ ಸರದಿಯ ಸರಂಜಾಮು ಬರುವಾಗ ಬ್ರಿಟಿಷ್ ನೌಕಾಪಡೆ ನಡುವೆ ನುಗ್ಗಿತು. ಗುಂಡು, ಎಣ್ಣೆ ಮುಗಿದು ಇಳಿದವರು ಶರಣಾದರು.

1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪಕ್ಕೆ ಮೀನುಗಾರಿಕೆಯ ನಾಡದೋಣಿಗಳಲ್ಲಿ ಹೊರಟ ಬೆಟ್ಟದ ಸೈನಿಕರನ್ನು ಬ್ರಿಟಿಷ್ ಹಡಗುಗಳು ನಡುರಾತ್ರಿ ಚದುರಿಸಿದವು. ಕ್ರೀಟ್ ಬಿದ್ದದ್ದು ಆಕಾಶದಿಂದ. ಅದೇ ವರ್ಷದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಸ್ಟೋನಿಯದ ಆ ಮೂರು ದ್ವೀಪಗಳನ್ನು ಜರ್ಮನರು ಮತ್ತೆ ಹಿಡಿದರು. ಈ ಸಲ ಯುದ್ಧನೌಕೆಗಳ ಜಾತ್ರೆಯಿಲ್ಲ. ಎದುರು ದಡದಿಂದ ಸಣ್ಣ ದೋಣಿಗಳಲ್ಲಿ ಮೂನ್ ಜಲಸಂಧಿ ದಾಟಿದರು. ಸೋವಿಯತ್ ಸೈನ್ಯದ ಗಮನ ಬೇರೆಡೆ ಸೆಳೆಯಲೆಂದು ತೋರಿಕೆಗೆ ಹೊರಡಿಸಿದ ಹಡಗುಗಳಲ್ಲಿ ಫಿನ್‌ಲ್ಯಾಂಡಿನ ‘ಇಲ್ಮಾರಿನೆನ್’ ಮೈನ್‌ಗೆ ಸಿಕ್ಕು 271 ಜನ ಸತ್ತರು. ಬರಿಯ ನಟನೆಗೆ ಆ ಬೆಲೆ. 1943ರ ನವೆಂಬರಿನಲ್ಲಿ ಏಜಿಯನ್ ಸಮುದ್ರದ ಲೆರೊಸ್ ದ್ವೀಪವನ್ನು ಬ್ರಿಟಿಷರಿಂದ ಐದೇ ದಿನದಲ್ಲಿ ಕಿತ್ತುಕೊಂಡರು. ಹಗಲು ದೋಣಿಗಳನ್ನು ಸಣ್ಣಪುಟ್ಟ ದ್ವೀಪಗಳ ಮರೆಯಲ್ಲಿ ಅಡಗಿಸಿ, ಆಕಾಶವನ್ನು ತಮ್ಮ ವಿಮಾನಗಳಿಂದ ತುಂಬಿಸಿ ಗೆದ್ದ ಆ ಕಾಳಗ ‘ದ ಗನ್ಸ್ ಆಫ್ ನವರೋನ್’ ಕಾದಂಬರಿಗೆ ಪ್ರೇರಣೆಯಾಯಿತು. ಸಿನಿಮಾದಲ್ಲಿ ಗೆಲ್ಲುವವರು ಬೇರೆ ಎಂಬುದನ್ನು ನೋಡಿದವರೆಲ್ಲ ಬಲ್ಲಿರಿ. ಪಕ್ಕದ ಕೋಸ್ ದ್ವೀಪದಲ್ಲಿ ಶರಣಾದ ಸುಮಾರು ನೂರು ಇಟಾಲಿಯನ್ ಅಧಿಕಾರಿಗಳನ್ನು ಜರ್ಮನರು ಗುಂಡಿಕ್ಕಿ ಕೊಂದದ್ದನ್ನು ಅಂಥ ಸಿನಿಮಾಗಳು ತೋರಿಸುವುದಿಲ್ಲ.

ಇಂಗ್ಲೆಂಡಿಗೆ ಹೋಗಲಾಗದ 1940ರ ಆ ಬೇಸಿಗೆಯಲ್ಲಿ ಒಂದು ಒಳ್ಳೆಯ ಕೆಲಸ ಆಗಿತ್ತು. ಬಾರ್ಜುಗಳ ಫಜೀತಿ ಕಂಡ ಎಂಜಿನಿಯರುಗಳು ತಲೆ ಓಡಿಸಿದರು. ವಿಮಾನ ತಯಾರಕ ಫ್ರಿಟ್ಸ್ ಸೀಬೆಲ್, ಸೈನ್ಯದ ತೇಲುಸೇತುವೆಯ ದೋಣಿಗಳನ್ನು ಜೋಡಿಸಿ ಮೇಲೆ ಅಟ್ಟ ಹಾಕಿ ಒಂದು ಫೆರ‍್ರಿ ಮಾಡಿದ. ನೌಕಾಪಡೆಯವರು ಮೂತಿ ತೆರೆದು ಇಳಿಜಾರಾಗುವ, 47 ಮೀಟರ್ ಉದ್ದದ ಬಾರ್ಜು ಕಟ್ಟಿದರು. ಇಂಥವು ಮುಂದೆ ನೂರಾರು ತಯಾರಾದವು. ಅವಕ್ಕೆ ದೊಡ್ಡ ಕೆಲಸ ಸಿಕ್ಕಿದ್ದು ಹಿಂದೆ ಸರಿಯುವಾಗ.

1943ರ ಆಗಸ್ಟ್, ಸಿಸಿಲಿ. ಮೆಸಿನಾ ಜಲಸಂಧಿ ಇಕ್ಕಟ್ಟಾದ ಕಡೆ ಮೂರು ಕಿಲೋಮೀಟರ್ ಅಗಲ. ದೋಣಿಗಳ ಹೊಣೆ ಹೊತ್ತವನು ಬ್ಯಾರನ್ ಗುಸ್ತಾವ್ ಫಾನ್ ಲೀಬೆನ್‌ಸ್ಟೈನ್ ಎಂಬ ನೌಕಾಧಿಕಾರಿ. ಯಾವ ತುಕಡಿ ಯಾವ ಕಟ್ಟೆಗೆ, ಯಾವ ಗಾಡಿ ಯಾವ ಫೆರ‍್ರಿಗೆ ಎಂದು ಮೊದಲೇ ಬರೆದಿಟ್ಟುಕೊಂಡಿದ್ದ. ರಾತ್ರಿ ಬಾಂಬರುಗಳ ಕಾಟ ಹೆಚ್ಚಾದಾಗ ಹಗಲಲ್ಲೇ ದಾಟಿಸಿದ. ಎರಡೂ ದಡದಲ್ಲಿ ವಿಮಾನ ಹೊಡೆಯುವ ತೋಪುಗಳ ಕಾಡೇ ಇತ್ತು. ಕರಾವಳಿ ಫಿರಂಗಿಗಳಿಗೆ ಹೆದರಿ ಮಿತ್ರರಾಷ್ಟ್ರಗಳ ದೊಡ್ಡ ಹಡಗುಗಳು ಜಲಸಂಧಿಯೊಳಗೆ ಬರಲಿಲ್ಲ. ಸುಮಾರು 40,000 ಜರ್ಮನ್ ಸೈನಿಕರು, 9,600 ವಾಹನ, 47 ಟ್ಯಾಂಕು ಇಟಲಿಯ ದಡ ಸೇರಿದವು. ಆಗಸ್ಟ್ 17ರ ಬೆಳಿಗ್ಗೆ ಅಮೆರಿಕನ್ನರು ಮೆಸಿನಾ ಪಟ್ಟಣ ಹೊಕ್ಕಾಗ ಹಿಡಿಯಲು ಅಲ್ಲಿ ಸೈನ್ಯ ಉಳಿದಿರಲಿಲ್ಲ. ಮರು ತಿಂಗಳು ಕರಿಸಮುದ್ರದ ಕೆರ್ಚ್ ಜಲಸಂಧಿಯಲ್ಲಿ ಇದೇ ಬಗೆಯ ದೋಣಿಗಳು ಕುಬಾನ್ ದಡದಿಂದ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕ್ರೈಮಿಯಕ್ಕೆ ಸಾಗಿಸಿದವು, ಅವರೊಂದಿಗೆ ಎಪ್ಪತ್ತು ಸಾವಿರದಷ್ಟು ಕುದುರೆಗಳನ್ನೂ.